ಖಾಸಗಿತನಕ್ಕೆ ಯಾವ ಫೋನನ್ನು ಎಷ್ಟು ನಂಬಬಹುದು: ಅಗ್ಗದ ಆಂಡ್ರಾಯ್ಡ್, ಪಿಕ್ಸೆಲ್, ಐಫೋನ್

ಹದಿನೈದು ಸಾವಿರ ರೂಪಾಯಿ ಆಸುಪಾಸಿನ ಆಂಡ್ರಾಯ್ಡ್ ಫೋನನ್ನು ಡಬ್ಬಿಯಿಂದ ತೆಗೆದು ಆನ್ ಮಾಡಿ, ಭಾಷೆ ಆರಿಸಿ, ವೈಫೈ ಹಾಕಿದ ಕೂಡಲೇ ಒಪ್ಪಿಗೆ ಕೇಳುವ ಪರದೆಗಳು ಒಂದರ ಹಿಂದೊಂದು ಬರುತ್ತವೆ. ಮೊದಲು ಗೂಗಲ್‌ನದು: ಲೊಕೇಶನ್ ಬಳಸಬಹುದೇ, ಸುತ್ತಲಿನ ವೈಫೈ ಮತ್ತು ಬ್ಲೂಟೂತ್ ಹುಡುಕುತ್ತಿರಬಹುದೇ, ಬಳಕೆಯ ಮಾಹಿತಿ ಕಳಿಸಬಹುದೇ. ಆಮೇಲೆ ಫೋನ್ ಕಂಪನಿಯದು: ಅನುಭವ ಸುಧಾರಣೆ ಯೋಜನೆಗೆ ಸೇರುತ್ತೀರಾ, ನಿಮಗೆ ಹೊಂದುವ ಜಾಹೀರಾತು ಬೇಕಾ, ಲಾಕ್ ಸ್ಕ್ರೀನ್ ಮೇಲೆ ದಿನಕ್ಕೊಂದು ಹೊಸ ಚಿತ್ರ ಬರಲಾ. ಹೆಚ್ಚಿನ ಸ್ವಿಚ್‌ಗಳು ಮೊದಲೇ ಆನ್ ಆಗಿರುತ್ತವೆ. ಕೆಳಗಿನ ದೊಡ್ಡ ಗುಂಡಿ ಒತ್ತುತ್ತಾ ಹೋದರೆ ಕೆಲವೇ ನಿಮಿಷದಲ್ಲಿ ಫೋನ್ ರೆಡಿ. ಅಂಗಡಿಯಲ್ಲಿ ಮಾರುವ ಹುಡುಗ ಮಾಡಿಕೊಡುವುದೂ ಅದನ್ನೇ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಕಳ್ಳನಿಂದ, ಬಸ್ಸಿನಲ್ಲಿ ಪಕ್ಕ ಕೂತವರಿಂದ, ಕಂಡ ಕಂಡ ಆ್ಯಪ್‌ಗಳಿಂದ ನಿಮ್ಮನ್ನು ಕಾಯುವ ವಿಷಯದಲ್ಲಿ ಈಗಿನ ಫೋನ್‌ಗಳು ಹತ್ತು ವರ್ಷ ಹಿಂದಿನವಕ್ಕಿಂತ ಎಷ್ಟೋ ಮೇಲು. ಫೋನ್ ಮಾಡಿದ ಕಂಪನಿ, ಅದರೊಳಗಿನ ಸಾಫ್ಟ್‌ವೇರ್ ಕೊಟ್ಟ ಕಂಪನಿ, ಜಾಹೀರಾತು ಮಾರುವ ಕಂಪನಿ, ಈ ಮೂವರ ಎದುರು ಮಾತ್ರ ರಕ್ಷಣೆ ತೀರಾ ತೆಳು. ಆ ತೆಳು ರಕ್ಷಣೆಯನ್ನು ದಪ್ಪ ಮಾಡುವ ಸ್ವಿಚ್‌ಗಳು ಫೋನಿನಲ್ಲೇ ಇವೆ. ಒಂದು ಗಂಟೆ ಕೂತು ಹುಡುಕಬೇಕು, ಅಷ್ಟೇ. ಆ ಒಂದು ಗಂಟೆಯ ಕೆಲಸ ಯಾವ ಫೋನಿನಲ್ಲಿ ಎಷ್ಟು ಫಲ ಕೊಡುತ್ತದೆ ಎಂಬುದೇ ಈ ವಿಮರ್ಶೆ.

ಅಗ್ಗದ ಆಂಡ್ರಾಯ್ಡ್

ಶವೋಮಿಯ ರೆಡ್ಮಿ, ಪೋಕೋ ಫೋನ್‌ಗಳಿಂದ ಶುರು ಮಾಡೋಣ. ಇವುಗಳಲ್ಲಿ ಎಂಎಸ್‌ಎ ಎಂಬ ಸಿಸ್ಟಮ್ ಆ್ಯಪ್ ಇದೆ. ಫೋನಿನ ಸ್ವಂತ ಆ್ಯಪ್‌ಗಳೊಳಗೆ ಜಾಹೀರಾತು ತಂದು ತೋರಿಸುವ ಕೆಲಸ ಇದರದು. ಅನ್‌ಇನ್‌ಸ್ಟಾಲ್ ಮಾಡಲು ಬರುವುದಿಲ್ಲ, ಆದರೆ ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಬಹುದು. ಸೆಟ್ಟಿಂಗ್ಸ್ ತೆರೆದು ಪಾಸ್‌ವರ್ಡ್ಸ್ ಅಂಡ್ ಸೆಕ್ಯುರಿಟಿ, ಅದರಲ್ಲಿ ಆಥರೈಸೇಶನ್ ಅಂಡ್ ರಿವೊಕೇಶನ್, ಅಲ್ಲಿ ಎಂಎಸ್‌ಎ ಎದುರಿನ ಸ್ವಿಚ್ ಆಫ್ ಮಾಡಿ. ಎಚ್ಚರಿಕೆಯ ಪೆಟ್ಟಿಗೆಯೊಂದು ಬಂದು ಹತ್ತರಿಂದ ಕೆಳಗೆ ಎಣಿಸುತ್ತದೆ. ಎಣಿಕೆ ಮುಗಿಯುವವರೆಗೆ ರಿವೋಕ್ ಗುಂಡಿ ಒತ್ತಲಾಗದು. ಒತ್ತಿದ ಮೇಲೂ ಎಷ್ಟೋ ಸಲ ‘ರದ್ದು ಮಾಡಲಾಗಲಿಲ್ಲ’ ಎಂಬ ಸಂದೇಶ ಬಂದು ಸ್ವಿಚ್ ತಾನೇ ಆನ್ ಆಗಿಬಿಡುತ್ತದೆ. ಇದನ್ನು ನೋಡಿ ಬಹಳ ಜನ ಕೈಬಿಡುತ್ತಾರೆ. ಬಿಡಬೇಡಿ. ಇಂಟರ್ನೆಟ್ ಆನ್ ಇರಲಿ, ಏಕೆಂದರೆ ರದ್ದಾದ ಸುದ್ದಿ ಕಂಪನಿಯ ಸರ್ವರ್‌ಗೆ ಮುಟ್ಟಬೇಕು. ಮೂರ್ನಾಲ್ಕು ಸಲ ಮತ್ತೆ ಮತ್ತೆ ಮಾಡಿದರೆ ಆಗುತ್ತದೆ. ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಇದೇ ಜಾಗಕ್ಕೆ ಬಂದು ಒಮ್ಮೆ ಕಣ್ಣಾಡಿಸಿ.

ರಿಯಲ್‌ಮಿ ಫೋನ್‌ಗಳಲ್ಲಿ 2023ರ ಜೂನ್‌ನಲ್ಲಿ ಎನ್‌ಹಾನ್ಸ್ಡ್ ಇಂಟೆಲಿಜೆಂಟ್ ಸರ್ವೀಸಸ್ ಎಂಬ ಆಯ್ಕೆ ದೊಡ್ಡ ಸುದ್ದಿಯಾಯಿತು. ಎಸ್‌ಎಂಎಸ್, ಕರೆ ವಿವರ, ಲೊಕೇಶನ್ ಎಲ್ಲವನ್ನೂ ಬಳಸಲು ಅನುಮತಿ ಕೊಡುವ ಸ್ವಿಚ್ ಅದು, ಅದೂ ಮೊದಲೇ ಆನ್ ಆಗಿ ಬರುತ್ತಿತ್ತು. ಮಾಹಿತಿ ಫೋನಿನೊಳಗೇ ಉಳಿಯುತ್ತದೆ, ಹೊರಗೆ ಹೋಗುವುದಿಲ್ಲ ಎಂದು ಕಂಪನಿ ಹೇಳಿತು. ಕೇಂದ್ರ ಸಚಿವರು ಪರಿಶೀಲಿಸುವುದಾಗಿ ಹೇಳಿದರು. ಹೊರಗೆ ಹೋಗದಿದ್ದರೂ, ಕೇಳದೆಯೇ ಆನ್ ಮಾಡಿ ಕೊಟ್ಟದ್ದು ನಮ್ಮ ಪ್ರಕಾರ ತಪ್ಪು. ಸೆಟ್ಟಿಂಗ್ಸ್‌ನಲ್ಲಿ ಅಡಿಶನಲ್ ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಮ್ ಸರ್ವೀಸಸ್ ನೋಡಿ, ಇದ್ದರೆ ಆಫ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಇದಕ್ಕೆ ಹತ್ತಿರದ್ದು ಕಸ್ಟಮೈಸೇಶನ್ ಸರ್ವಿಸ್. ಸೆಕ್ಯುರಿಟಿ ಅಂಡ್ ಪ್ರೈವಸಿ ಪುಟದ ತಳದಲ್ಲಿ, ಮೋರ್ ಪ್ರೈವಸಿ ಸೆಟ್ಟಿಂಗ್ಸ್ ಒಳಗೆ ಇರುತ್ತದೆ.

ಇನ್ನು ಲಾಕ್ ಸ್ಕ್ರೀನ್ ಮೇಲೆ ಸುದ್ದಿ, ಚಿತ್ರ, ಆಟ ತೋರಿಸುವ ಗ್ಲಾನ್ಸ್. ಇದು ಬೆಂಗಳೂರಿನ ಇನ್‌ಮೊಬಿ ಗುಂಪಿನದು. ಇನ್‌ಮೊಬಿಯ ಹೆಸರು ಖಾಸಗಿತನದ ಚರಿತ್ರೆಯಲ್ಲಿ ಒಂದು ದೊಡ್ಡ ಪಾಠದ ಜೊತೆ ಸೇರಿಕೊಂಡಿದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಹೊರಿಸಿದ ಆರೋಪ ಹೀಗಿತ್ತು: ಲೊಕೇಶನ್ ಕೊಡುವುದಿಲ್ಲ ಎಂದ ಜನರ ಜಾಗವನ್ನೂ ಕಂಪನಿಯ ಜಾಹೀರಾತು ಸಾಫ್ಟ್‌ವೇರ್ ಪತ್ತೆ ಮಾಡುತ್ತಿತ್ತು. ಹೇಗೆಂದರೆ, ಲೊಕೇಶನ್ ಕೊಟ್ಟವರ ಫೋನ್‌ನಿಂದ ಯಾವ ವೈಫೈ ರೂಟರ್ ಎಲ್ಲಿದೆ ಎಂಬ ನಕ್ಷೆ ಕಟ್ಟಿಕೊಳ್ಳುವುದು, ಕೊಡದವರ ಫೋನ್ ಸುತ್ತ ಯಾವ ರೂಟರ್‌ಗಳಿವೆ ಎಂದು ನೋಡಿ ಆ ನಕ್ಷೆಗೆ ಹೋಲಿಸುವುದು. 9.5 ಲಕ್ಷ ಡಾಲರ್ ಕಟ್ಟಿ ಕಂಪನಿ ಪ್ರಕರಣ ಇತ್ಯರ್ಥ ಮಾಡಿಕೊಂಡಿತು. ಇಂದಿನ ಆಂಡ್ರಾಯ್ಡ್‌ನಲ್ಲಿ ಸುತ್ತಲಿನ ವೈಫೈ ಪಟ್ಟಿ ಓದಿ ಜಾಗ ತಿಳಿಯಲು ಆ್ಯಪ್‌ಗೆ ಲೊಕೇಶನ್ ಅನುಮತಿಯೇ ಬೇಕು, ಹಾಗಾಗಿ ಆ ಕಿಂಡಿ ಬಹುಮಟ್ಟಿಗೆ ಮುಚ್ಚಿದೆ. ಗ್ಲಾನ್ಸ್ ಬೇಡವಾದರೆ ಸೆಟ್ಟಿಂಗ್ಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ಅದರ ಹೆಸರನ್ನೇ ಬರೆದು ನೋಡಿ. ಕೆಲವು ಕಂಪನಿಗಳು ಅದನ್ನು ಲಾಕ್ ಸ್ಕ್ರೀನ್ ಮ್ಯಾಗಜೀನ್, ವಾಲ್‌ಪೇಪರ್ ಕರೋಸೆಲ್ ಎಂಬ ಹೆಸರಲ್ಲಿ ಇಡುತ್ತವೆ.

ವೈಫೈ ಮಾತು ಬಂದದ್ದರಿಂದ ಇನ್ನೊಂದು. ಮೇಲಿಂದ ಪರದೆ ಎಳೆದು ವೈಫೈ ಆಫ್ ಮಾಡಿದರೂ ಫೋನ್ ವೈಫೈ ಹುಡುಕುವುದನ್ನು ನಿಲ್ಲಿಸಿರುವುದಿಲ್ಲ. ಸೆಟ್ಟಿಂಗ್ಸ್‌ನ ಲೊಕೇಶನ್ ಒಳಗೆ ಲೊಕೇಶನ್ ಸರ್ವೀಸಸ್ ತೆರೆದರೆ ವೈಫೈ ಸ್ಕ್ಯಾನಿಂಗ್, ಬ್ಲೂಟೂತ್ ಸ್ಕ್ಯಾನಿಂಗ್ ಎಂಬ ಎರಡು ಸ್ವಿಚ್ ಸಿಗುತ್ತವೆ. ಎರಡನ್ನೂ ಆಫ್ ಮಾಡಬಹುದು. ಮಾಲ್‌ನೊಳಗೆ, ಮಹಡಿಗಳ ನಡುವೆ ಮ್ಯಾಪ್ ಜಾಗ ಹಿಡಿಯುವುದು ತುಸು ನಿಧಾನವಾಗುತ್ತದೆ. ರಸ್ತೆಯಲ್ಲಿ ಜಿಪಿಎಸ್ ಇರುವುದರಿಂದ ಯಾವ ತೊಂದರೆಯೂ ಇಲ್ಲ.

ಪರ್ಮಿಶನ್ ಎಂಬ ಪೆಟ್ಟಿಗೆ

ಆಂಡ್ರಾಯ್ಡ್ ಈ ವಿಷಯದಲ್ಲಿ ಬಹಳ ದೂರ ಬಂದಿದೆ, ಅದನ್ನು ಒಪ್ಪಲೇಬೇಕು. 2015ರ ಆಂಡ್ರಾಯ್ಡ್ 6ಕ್ಕೆ ಮುಂಚೆ ಆ್ಯಪ್ ಹಾಕಿಕೊಳ್ಳುವಾಗಲೇ ಕೇಳಿದ್ದೆಲ್ಲ ಕೊಡಬೇಕಿತ್ತು. ಆಂಡ್ರಾಯ್ಡ್ 10ರಲ್ಲಿ ಬಳಸುವಾಗ ಮಾತ್ರ ಲೊಕೇಶನ್ ಎಂಬ ಆಯ್ಕೆ ಬಂತು, ಪ್ರತಿ ಫೋನಿಗೂ ಬೇರೆ ಬೇರೆಯಾಗಿರುವ ಗುರುತಿನ ಸಂಖ್ಯೆ ಐಎಂಇಐ ಸಾಮಾನ್ಯ ಆ್ಯಪ್‌ಗಳಿಗೆ ಕಾಣುವುದೂ ನಿಂತಿತು. 11ರಲ್ಲಿ ಒಂದೇ ಸಲಕ್ಕೆ ಅನುಮತಿ, ತಿಂಗಳುಗಟ್ಟಲೆ ಬಳಸದ ಆ್ಯಪ್‌ನ ಅನುಮತಿ ತಾನಾಗಿ ರದ್ದು. 2021ರ ಆಂಡ್ರಾಯ್ಡ್ 12ರಲ್ಲಿ ಕ್ಯಾಮೆರಾ, ಮೈಕ್ ಬಳಸುವಾಗ ಮೂಲೆಯಲ್ಲಿ ಹಸಿರು ಗುರುತು, ಜೊತೆಗೆ ಪ್ರೈವಸಿ ಡ್ಯಾಶ್‌ಬೋರ್ಡ್. 14ರಲ್ಲಿ ಎಲ್ಲ ಫೋಟೊಗಳ ಬದಲು ಆಯ್ದ ಫೋಟೊ ಮಾತ್ರ ಕೊಡುವ ಸೌಲಭ್ಯ.

ಪ್ರೈವಸಿ ಡ್ಯಾಶ್‌ಬೋರ್ಡ್ ಒಂದು ಸಲ ತೆರೆದು ನೋಡಿ. ಕಳೆದ 24 ಗಂಟೆಯಲ್ಲಿ ಯಾವ ಆ್ಯಪ್ ಎಷ್ಟು ಗಂಟೆಗೆ ಲೊಕೇಶನ್, ಕ್ಯಾಮೆರಾ, ಮೈಕ್ ಮುಟ್ಟಿತು ಎಂದು ಗೆರೆ ಎಳೆದು ತೋರಿಸುತ್ತದೆ. ನಡುರಾತ್ರಿ ಎರಡು ಗಂಟೆಗೆ ಶಾಪಿಂಗ್ ಆ್ಯಪ್ ಲೊಕೇಶನ್ ತೆಗೆದುಕೊಂಡಿದ್ದರೆ ಅದಕ್ಕೆ ‘ಎಲ್ಲ ಸಮಯ’ದ ಅನುಮತಿ ಇದೆ ಎಂದೇ ಅರ್ಥ. ಅದನ್ನು ‘ಬಳಸುವಾಗ ಮಾತ್ರ’ಕ್ಕೆ ಇಳಿಸಿ. ಅಲ್ಲೇ ಕೆಳಗೆ ಪ್ರಿಸೈಸ್ ಲೊಕೇಶನ್ ಎಂಬ ಸ್ವಿಚ್ ಇದೆ. ಆಫ್ ಮಾಡಿದರೆ ಆ್ಯಪ್‌ಗೆ ನಿಮ್ಮ ಮನೆ ಕಾಣುವುದಿಲ್ಲ, ಸುಮಾರು 3 ಚದರ ಕಿಲೋಮೀಟರ್‌ನ ಪ್ರದೇಶ ಮಾತ್ರ ಕಾಣುತ್ತದೆ. ಹವಾಮಾನ, ಸುದ್ದಿ, ಬಟ್ಟೆ ಅಂಗಡಿ, ಸಿನಿಮಾ ಟಿಕೆಟ್ ಇವಕ್ಕೆಲ್ಲ ಅಷ್ಟು ಸಾಕು. ಆಟೊ ಕರೆಯುವ, ಊಟ ತರಿಸುವ ಆ್ಯಪ್‌ಗೆ ಮಾತ್ರ ನಿಖರ ಜಾಗ ಬೇಕು.

ಇಷ್ಟೆಲ್ಲ ಇದ್ದೂ ಎರಡು ತೂತು ಹಾಗೇ ಉಳಿದಿವೆ.

ಮೊದಲನೆಯದು ಎಸ್‌ಎಂಎಸ್. ಅನುಮತಿಗಳನ್ನು ಆಂಡ್ರಾಯ್ಡ್ ಗುಂಪು ಗುಂಪಾಗಿ ಕೇಳುತ್ತದೆ. ‘ಎಸ್‌ಎಂಎಸ್ ಕಳಿಸಲು ಮತ್ತು ನೋಡಲು ಬಿಡಬೇಕೇ?’ ಎಂದು ಕೇಳುವಾಗ ಕಳಿಸುವುದು, ಬಂದದ್ದನ್ನು ಹಿಡಿಯುವುದು, ಹಳೆಯದನ್ನೆಲ್ಲ ಓದುವುದು ಎಲ್ಲ ಒಂದೇ ಕಟ್ಟಿನಲ್ಲಿ. ಯುಪಿಐ ಆ್ಯಪ್ ನಿಮ್ಮ ಸಿಮ್ ಇದೇ ಫೋನಿನಲ್ಲಿದೆ ಎಂದು ಖಾತ್ರಿ ಮಾಡಿಕೊಳ್ಳಲು ನೋಂದಣಿಯಲ್ಲಿ ಒಂದು ಎಸ್‌ಎಂಎಸ್ ಕಳಿಸಬೇಕು, ಅದು ನ್ಯಾಯವೇ. ಆದರೆ ಅದೇ ಅನುಮತಿಯಲ್ಲಿ, ಆ್ಯಪ್ ಮೊದಲೇ ಘೋಷಿಸಿಕೊಂಡಿದ್ದರೆ, ಸಂಬಳ ಬಂದ ಸಂದೇಶ, ಸಾಲದ ಕಂತು, ಆಸ್ಪತ್ರೆಯ ಬಿಲ್ಲು ಎಲ್ಲವನ್ನೂ ಓದಲು ದಾರಿ ಸಿಗುತ್ತದೆ. ನೋಂದಣಿ ಮುಗಿದ ಮೇಲೆ ಎಸ್‌ಎಂಎಸ್ ಅನುಮತಿ ತೆಗೆದು ನೋಡಿ. ಕೆಲವು ಆ್ಯಪ್ ಸುಮ್ಮನೆ ನಡೆಯುತ್ತವೆ, ಕೆಲವು ಮತ್ತೆ ಕೊಡುವವರೆಗೆ ತೆರೆಯುವುದೇ ಇಲ್ಲ. ‘ಒಟಿಪಿ ಓದಲು ಬೇಕು’ ಎಂಬ ಕಾರಣವನ್ನಂತೂ ಒಪ್ಪಬೇಡಿ. ಒಟಿಪಿ ಬಂದಾಗ ಪರದೆಯ ಕೆಳಗಿನಿಂದ ಸಣ್ಣ ಪೆಟ್ಟಿಗೆ ಎದ್ದು, ಆ ಒಂದೇ ಸಂದೇಶವನ್ನು ಓದಲು ಬಿಡಲೇ ಎಂದು ಕೇಳುವುದನ್ನು ನೋಡಿರುತ್ತೀರಿ. ಆ ವ್ಯವಸ್ಥೆಗೆ ಎಸ್‌ಎಂಎಸ್ ಅನುಮತಿಯ ಅಗತ್ಯವೇ ಇಲ್ಲ. ಒಳ್ಳೆಯ ಆ್ಯಪ್ ಮಾಡುವವರು ಅದನ್ನೇ ಬಳಸುತ್ತಾರೆ.

ಎರಡನೆಯದು, ನಿಮ್ಮ ಫೋನಿನಲ್ಲಿ ಯಾವ ಯಾವ ಆ್ಯಪ್ ಇವೆ ಎಂಬ ಪಟ್ಟಿ. ಇದಕ್ಕೆ ಬಳಕೆದಾರರನ್ನು ಕೇಳುವ ಪೆಟ್ಟಿಗೆಯೇ ಇಲ್ಲ. ಗರ್ಭಿಣಿಯರ ಆ್ಯಪ್, ಮಧುಮೇಹದ ಆ್ಯಪ್, ಒಂದು ಧರ್ಮದ ಪ್ರಾರ್ಥನೆಯ ಆ್ಯಪ್, ನಾಲ್ಕು ಸಾಲದ ಆ್ಯಪ್: ಪಟ್ಟಿ ನೋಡಿದರೆ ಮನುಷ್ಯನ ಅರ್ಧ ಕಥೆ ಗೊತ್ತಾಗುತ್ತದೆ. ಆಂಡ್ರಾಯ್ಡ್ 11ರಿಂದ ಪೂರ್ತಿ ಪಟ್ಟಿ ನೋಡಲು ವಿಶೇಷ ಕಾರಣ ಬೇಕೆಂದು ಗೂಗಲ್ ನಿಯಮ ಮಾಡಿತು. ಆದರೆ ‘ತೆರೆಯಬಲ್ಲ ಆ್ಯಪ್‌ಗಳನ್ನು ತೋರಿಸು’ ಎಂದು ಆ್ಯಪ್‌ನ ಒಳಗಿನ ಘೋಷಣೆಯಲ್ಲಿ ಒಂದು ಸಾಲು ಬರೆದರೆ ಹೆಚ್ಚುಕಡಿಮೆ ಅದೇ ಪಟ್ಟಿ ಕೈಗೆ ಬರುತ್ತದೆ. ಐಫೋನಿನಲ್ಲಿ ಹೀಗೆ ಇಡೀ ಪಟ್ಟಿ ಸಿಗುವುದಿಲ್ಲ. ಆಂಡ್ರಾಯ್ಡ್ 15ರ ಪ್ರೈವೇಟ್ ಸ್ಪೇಸ್, ಅಂದರೆ ಫೋನಿನೊಳಗೇ ಬೇರೆ ಬೀಗ ಇರುವ ಪ್ರತ್ಯೇಕ ಕೋಣೆ, ಇದಕ್ಕೆ ಸ್ವಲ್ಪ ಮದ್ದು. ಸೆಕ್ಯುರಿಟಿ ಅಂಡ್ ಪ್ರೈವಸಿಯಲ್ಲಿ ಅದನ್ನು ಮಾಡಿಕೊಂಡು, ಬೇರೆ ಗೂಗಲ್ ಖಾತೆ ಹಾಕಿ, ನಂಬಿಕೆ ಇಲ್ಲದ ಆ್ಯಪ್‌ಗಳನ್ನು ಅಲ್ಲಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಹೊರಗಿನ ಕಾಂಟ್ಯಾಕ್ಟ್, ಫೋಟೊ, ಆ್ಯಪ್ ಪಟ್ಟಿ ಅವಕ್ಕೆ ಕಾಣುವುದಿಲ್ಲ. ಬೀಗ ಹಾಕಿದಾಗ ಅವು ನಿಂತೇಹೋಗುತ್ತವೆ, ನೋಟಿಫಿಕೇಶನ್ ಕೂಡ ಬರುವುದಿಲ್ಲ. ಹಾಗಾಗಿ ಬ್ಯಾಂಕ್ ಆ್ಯಪ್, ಔಷಧ ನೆನಪಿಸುವ ಆ್ಯಪ್ ಅಲ್ಲಿಡಬೇಡಿ. ಸ್ಯಾಮ್‌ಸಂಗ್‌ನಲ್ಲಿ ಇದೇ ಕೆಲಸಕ್ಕೆ ಸೆಕ್ಯೂರ್ ಫೋಲ್ಡರ್ ಇದೆ, ಆದರೆ ಅಗ್ಗದ ಕೆಲವು ಮಾದರಿಗಳಲ್ಲಿ ಕೊಡುವುದಿಲ್ಲ. ಕೊಳ್ಳುವ ಮುಂಚೆ ವಿಚಾರಿಸಿ.

ಫೋನ್ ನಮ್ಮ ಮಾತು ಕೇಳಿಸಿಕೊಂಡು ಜಾಹೀರಾತು ತೋರಿಸುತ್ತದೆ ಎಂಬ ಭಯ ಎಲ್ಲ ಕಡೆ ಇದೆ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ 17 ಸಾವಿರಕ್ಕೂ ಹೆಚ್ಚು ಆ್ಯಪ್ ಪರೀಕ್ಷಿಸಿದಾಗ ಗುಟ್ಟಾಗಿ ಮೈಕ್ ಆನ್ ಮಾಡಿ ಮಾತು ಕಳಿಸಿದ್ದು ಒಂದೂ ಸಿಗಲಿಲ್ಲ. ಬದಲಿಗೆ, ಪರದೆಯ ಮೇಲೆ ಬಳಕೆದಾರ ಏನು ಮಾಡುತ್ತಿದ್ದಾನೆ ಎಂಬುದನ್ನೇ ರೆಕಾರ್ಡ್ ಮಾಡಿ ಬೇರೆ ಕಂಪನಿಗೆ ಕಳಿಸುವ ಆ್ಯಪ್ ಸಿಕ್ಕಿತು. ನಿಮ್ಮ ಹುಡುಕಾಟ, ಓಡಾಟ, ಖರೀದಿ, ಒಂದೇ ವೈಫೈ ಹಂಚಿಕೊಂಡ ಗೆಳೆಯರ ಆಸಕ್ತಿ ಇಷ್ಟಿದ್ದರೆ ಮಾತು ಕೇಳುವ ಕಷ್ಟವೇ ಬೇಕಿಲ್ಲ.

ಗೂಗಲ್ ಎಂಬ ಮನೆಯೊಡೆಯ

ಅನುಮತಿಗಳೆಲ್ಲ ಹೊರಗಿನ ಆ್ಯಪ್‌ಗೆ. ಗೂಗಲ್ ಪ್ಲೇ ಸರ್ವೀಸಸ್ ಫೋನಿನ ಅಂಗವೇ ಆಗಿರುವುದರಿಂದ ಅದಕ್ಕೆ ಬೇರೆಯೇ ನ್ಯಾಯ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಡಗ್ಲಸ್ ಲೀತ್ 2021ರಲ್ಲಿ ಅಳೆದು ನೋಡಿದಾಗ, ಸುಮ್ಮನೆ ಮೇಜಿನ ಮೇಲಿಟ್ಟ ಆಂಡ್ರಾಯ್ಡ್ ಮತ್ತು ಐಫೋನ್ ಎರಡೂ ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತಮ್ಮ ತಮ್ಮ ಕಂಪನಿಗೆ ಮಾಹಿತಿ ಕಳಿಸುತ್ತಿದ್ದವು. ಬೇಡ ಎಂದು ಸ್ವಿಚ್ ಆಫ್ ಮಾಡಿದ ಮೇಲೂ ಕಳಿಸುತ್ತಿದ್ದವು. ಗಾತ್ರದಲ್ಲಿ ಗೂಗಲ್‌ಗೆ ಹೋದದ್ದು ಆ್ಯಪಲ್‌ಗೆ ಹೋದದ್ದರ ಸುಮಾರು ಇಪ್ಪತ್ತು ಪಟ್ಟು. ಅಳೆದ ರೀತಿ ಸರಿಯಿಲ್ಲ, ಫೋನ್ ಸರಿಯಾಗಿ ನಡೆಯಲು ಇವು ಬೇಕು ಎಂದು ಗೂಗಲ್ ಉತ್ತರ ಕೊಟ್ಟಿತು.

ಹೆಸರು ಒಂದು, ಕೆಲಸ ಇನ್ನೊಂದು ಎಂಬ ಸ್ವಿಚ್‌ಗಳ ಬಗ್ಗೆ ಎಚ್ಚರ ಬೇಕು. 2018ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಬಯಲಿಗೆಳೆದದ್ದು ಇದನ್ನೇ: ಲೊಕೇಶನ್ ಹಿಸ್ಟರಿ ಆಫ್ ಮಾಡಿದರೂ, ವೆಬ್ ಅಂಡ್ ಆ್ಯಪ್ ಆ್ಯಕ್ಟಿವಿಟಿ ಎಂಬ ಇನ್ನೊಂದು ಸ್ವಿಚ್ ಆನ್ ಇದ್ದರೆ ಜಾಗದ ದಾಖಲೆ ಉಳಿಯುತ್ತಿತ್ತು. ಈ ವಿಷಯಕ್ಕೆ ಗೂಗಲ್ 2022ರ ನವೆಂಬರ್‌ನಲ್ಲಿ ಅಮೆರಿಕದ 40 ರಾಜ್ಯಗಳ ಜೊತೆ 39.15 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಈಗ ನೀವು ಮಾಡಬೇಕಾದದ್ದು: ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಮ್ಯಾನೇಜ್ ಯುವರ್ ಗೂಗಲ್ ಅಕೌಂಟ್, ಡೇಟಾ ಅಂಡ್ ಪ್ರೈವಸಿ. ಅಲ್ಲಿ ವೆಬ್ ಅಂಡ್ ಆ್ಯಪ್ ಆ್ಯಕ್ಟಿವಿಟಿ ಪೂರ್ತಿ ಆಫ್ ಮಾಡಿ. ಅದು ಕಷ್ಟ ಎನಿಸಿದರೆ ಆಟೊ ಡಿಲೀಟ್ ಅನ್ನು 3 ತಿಂಗಳಿಗೆ ಇಡಿ. 2020ರ ನಂತರದ ಹೊಸ ಖಾತೆಗೆ ಅದು 18 ತಿಂಗಳಿಗೆ ಹೊಂದಿಸಿರುತ್ತದೆ, ಹಳೆಯ ಖಾತೆಯಾದರೆ ಅಳಿಸುವ ಗಡುವೇ ಇರದಿರಬಹುದು. ಪೂರ್ತಿ ಆಫ್ ಮಾಡಿದರೆ ಮ್ಯಾಪ್ಸ್‌ನಲ್ಲಿ ಹಿಂದೆ ಹುಡುಕಿದ ಜಾಗಗಳು ನೆನಪಿರುವುದಿಲ್ಲ, ಹುಡುಕಾಟದ ಫಲಿತಾಂಶ ನಿಮಗೆ ಹೊಂದಿಕೊಳ್ಳುವುದೂ ಕಡಿಮೆಯಾಗಬಹುದು.

ಕೊನೆಗೆ ಜಾಹೀರಾತು ಐಡಿ. ಬೇರೆ ಬೇರೆ ಆ್ಯಪ್‌ಗಳಲ್ಲಿ ಓಡಾಡುವುದು ಒಬ್ಬನೇ ವ್ಯಕ್ತಿ ಎಂದು ಹೊಲಿಯುವ ದಾರ ಇದು. ಪ್ರೈವಸಿ ಒಳಗಿನ ಆ್ಯಡ್ಸ್ ಪುಟದಲ್ಲಿ ಡಿಲೀಟ್ ಅಡ್ವರ್ಟೈಸಿಂಗ್ ಐಡಿ ಒತ್ತಿದರೆ ಸಂಖ್ಯೆಯ ಜಾಗದಲ್ಲಿ ಆ್ಯಪ್‌ಗಳಿಗೆ ಬರೀ ಸೊನ್ನೆಗಳು ಕಾಣುತ್ತವೆ. ಜಾಹೀರಾತು ನಿಲ್ಲುವುದಿಲ್ಲ, ಹೊಲಿಗೆ ಬಿಚ್ಚುತ್ತದೆ. ಅರ್ಧ ನಿಮಿಷದ ಕೆಲಸ, ಇದನ್ನು ಮಾಡದೆ ಇರಲು ಕಾರಣವೇ ಇಲ್ಲ.

ಐಫೋನ್

ಅನುಮತಿಯ ವಿಷಯದಲ್ಲಿ ಐಫೋನ್ ಗಟ್ಟಿ. ಯಾವ ಸಾಮಾನ್ಯ ಆ್ಯಪ್‌ಗೂ ಎಸ್‌ಎಂಎಸ್ ಪೆಟ್ಟಿಗೆ ಓದಲು, ಕರೆ ಪಟ್ಟಿ ನೋಡಲು ಆಗುವುದೇ ಇಲ್ಲ. ಅದೇ ಯುಪಿಐ ನೋಂದಣಿಯನ್ನು ಐಫೋನಿನಲ್ಲಿ ಮಾಡಿ ನೋಡಿ: ಸಂದೇಶ ಬರೆದ ಪರದೆ ತೆರೆದುಕೊಳ್ಳುತ್ತದೆ, ಕಳಿಸುವ ಗುಂಡಿಯನ್ನು ನೀವೇ ಒತ್ತಬೇಕು. ಆ್ಯಪ್ ತಾನಾಗಿ ಕಳಿಸಲಾರದು. ಒತ್ತಿದ ಮೇಲೆ ವಾಪಸ್ ಬಂದು ಕಾಯಬೇಕು, ಎರಡು ಸಿಮ್ ಇದ್ದರೆ ತಪ್ಪು ಸಿಮ್‌ನಿಂದ ಹೋಗಿ ನೋಂದಣಿ ಕೆಡುವುದೂ ಉಂಟು. ಆ ಒಂದು ಒತ್ತುವಿಕೆಯಲ್ಲೇ ಎರಡು ಫೋನ್‌ಗಳ ವ್ಯತ್ಯಾಸ ಇದೆ. 2024ರ ಐಒಎಸ್ 18ರಿಂದ ಕಾಂಟ್ಯಾಕ್ಟ್‌ಗಳಲ್ಲೂ ಆಯ್ದ ಕೆಲವರನ್ನು ಮಾತ್ರ ಕೊಡಬಹುದು.

2021ರ ಏಪ್ರಿಲ್‌ನಲ್ಲಿ ಐಒಎಸ್ 14.5 ಜೊತೆ ಬಂದ ಟ್ರ್ಯಾಕಿಂಗ್ ಪ್ರಶ್ನೆ, ಅಂದರೆ ಬೇರೆ ಆ್ಯಪ್, ವೆಬ್‌ಸೈಟ್‌ಗಳಲ್ಲೂ ನಿಮ್ಮ ಜಾಡು ಹಿಡಿಯಬಹುದೇ ಎಂದು ಆ್ಯಪ್ ಮೊದಲೇ ಕೇಳಬೇಕಾದ ಪ್ರಶ್ನೆ, ಜಾಹೀರಾತು ಜಗತ್ತನ್ನೇ ಅಲ್ಲಾಡಿಸಿತು. 2022ರಲ್ಲಿ ಇದರಿಂದ ಸುಮಾರು ಸಾವಿರ ಕೋಟಿ ಡಾಲರ್ ವರಮಾನ ಖೋತಾ ಎಂದು ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ ಲೆಕ್ಕ ಹೇಳಿತು. ಪ್ರತಿ ಆ್ಯಪ್ ಕೇಳುವುದೇ ಬೇಡವೆಂದರೆ ಪ್ರೈವಸಿ ಅಂಡ್ ಸೆಕ್ಯುರಿಟಿ ಒಳಗೆ ಟ್ರ್ಯಾಕಿಂಗ್ ತೆರೆದು ಮೇಲಿನ ಸ್ವಿಚ್ ಆಫ್ ಮಾಡಿ. ಅಲ್ಲೇ ಕೆಳಗೆ ಆ್ಯಪಲ್ ಅಡ್ವರ್ಟೈಸಿಂಗ್ ಎಂಬುದೂ ಇದೆ, ಅದನ್ನೂ ಆಫ್ ಮಾಡಬೇಕು. ಆ್ಯಪಲ್‌ನ ಸ್ವಂತ ಜಾಹೀರಾತಿಗೆ ಈ ಟ್ರ್ಯಾಕಿಂಗ್ ಪ್ರಶ್ನೆ ಕೇಳುವುದಿಲ್ಲ. ಈ ವ್ಯವಸ್ಥೆಯನ್ನು ಜಾರಿ ಮಾಡಿದ ರೀತಿಗಾಗಿ 2025ರಲ್ಲಿ ಫ್ರಾನ್ಸಿನ ಸ್ಪರ್ಧಾ ಪ್ರಾಧಿಕಾರ ಆ್ಯಪಲ್‌ಗೆ 15 ಕೋಟಿ ಯೂರೊ ದಂಡ ಹಾಕಿತು. ಸಫಾರಿಯಲ್ಲಿ ಮೊದಲ ಆಯ್ಕೆಯಾಗಿ ಗೂಗಲ್ ಹುಡುಕಾಟ ಇಡಲು 2022ರಲ್ಲಿ ಆ್ಯಪಲ್ ಗೂಗಲ್‌ನಿಂದ ಪಡೆದದ್ದು 2 ಸಾವಿರ ಕೋಟಿ ಡಾಲರ್, ಇದು ಕೋರ್ಟ್ ದಾಖಲೆಯಲ್ಲಿ ಹೊರಬಂದ ಸಂಗತಿ. ಖಾಸಗಿತನವನ್ನೇ ಮುಂದಿಟ್ಟು ಮಾರುವ ಕಂಪನಿ ಇದನ್ನು ಕೊಳ್ಳುವವರಿಗೆ ಎದುರೇ ಹೇಳಬೇಕಿತ್ತು.

ಐಫೋನಿನ ದೊಡ್ಡ ಬಿರುಕು ಐಕ್ಲೌಡ್ ಬ್ಯಾಕಪ್. ಫೋನಿನಲ್ಲಿ ಎಷ್ಟೇ ಗಟ್ಟಿ ಬೀಗ ಇದ್ದರೂ, ಬ್ಯಾಕಪ್‌ನ ಕೀಲಿ ಆ್ಯಪಲ್ ಹತ್ತಿರವೂ ಇರುತ್ತದೆ, ಸಂದೇಶಗಳ ಕೀಲಿಯೂ ಅದರೊಳಗೇ ಹೋಗುತ್ತದೆ. 2022ರ ಕೊನೆಯಲ್ಲಿ ಬಂದ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಆನ್ ಮಾಡಿದರೆ ಕೀಲಿ ನಿಮ್ಮ ಸಾಧನಗಳಲ್ಲಿ ಮಾತ್ರ ಉಳಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು, ಐಕ್ಲೌಡ್, ತಳದಲ್ಲಿ ಈ ಆಯ್ಕೆ. ಮುಂಚೆ ಒಬ್ಬ ನಂಬಿಕಸ್ಥರನ್ನು ರಿಕವರಿ ಕಾಂಟ್ಯಾಕ್ಟ್ ಮಾಡಿಕೊಳ್ಳಬೇಕು ಅಥವಾ 28 ಅಕ್ಷರಗಳ ರಿಕವರಿ ಕೀ ಪಡೆಯಬೇಕು. ಅದನ್ನು ಕಾಗದದ ಮೇಲೆ ಬರೆದು ಮನೆಪತ್ರಗಳ ಜೊತೆ ಇಡಿ. ಕಳೆದರೆ ಆ್ಯಪಲ್‌ನವರಿಗೂ ಬಿಡಿಸಲಾಗದು. ಅದೇ ಖಾತೆಯಲ್ಲಿ ಹಳೆಯ ಐಪ್ಯಾಡ್ ಅಥವಾ ಮ್ಯಾಕ್ ಇದ್ದು ಅಪ್‌ಡೇಟ್ ಆಗಿರದಿದ್ದರೆ ಆನ್ ಆಗಲು ಬಿಡುವುದಿಲ್ಲ. ಜನ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಅಲ್ಲಿನ ಸರ್ಕಾರದ ಒತ್ತಡದ ನಂತರ 2025ರ ಫೆಬ್ರುವರಿಯಲ್ಲಿ ಆ್ಯಪಲ್ ಈ ಸೌಲಭ್ಯವನ್ನು ಅಲ್ಲಿ ಹೊಸಬರಿಗೆ ಕೊಡುವುದನ್ನು ನಿಲ್ಲಿಸಿತು.

ಎರಡೂ ಫೋನ್‌ಗಳಲ್ಲಿ ವಾಟ್ಸ್‌ಆ್ಯಪ್‌ನದೂ ಇದೇ ಕಥೆ. ಮಾತುಕತೆಗೆ ಬೀಗ ಇದೆ, ಗೂಗಲ್ ಡ್ರೈವ್ ಅಥವಾ ಐಕ್ಲೌಡ್‌ಗೆ ಹೋಗುವ ಬ್ಯಾಕಪ್‌ಗೆ ನೀವು ಕೇಳಿದರೆ ಮಾತ್ರ ಬೀಗ. ಚಾಟ್ಸ್, ಚಾಟ್ ಬ್ಯಾಕಪ್, ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್ ಆನ್ ಮಾಡಿ. ನಿಮ್ಮ ಜೊತೆ ಮಾತಾಡುವವರೂ ಮಾಡದಿದ್ದರೆ ಅವರ ಬ್ಯಾಕಪ್‌ನಲ್ಲಿ ನಿಮ್ಮ ಮಾತು ತೆರೆದೇ ಇರುತ್ತದೆ.

ಗ್ರಾಫೀನ್ ಓಎಸ್ ಹಾಕಿದ ಪಿಕ್ಸೆಲ್

ಗ್ರಾಫೀನ್ ಓಎಸ್ ಎಂಬುದು ಫೋನಿನ ಮೂಲ ಸಾಫ್ಟ್‌ವೇರ್ ಬದಲು ಹಾಕಿಕೊಳ್ಳುವ, ಗೂಗಲ್ ಸೇವೆಗಳಿಲ್ಲದ ಆಂಡ್ರಾಯ್ಡ್. ಗೂಗಲ್ ಪಿಕ್ಸೆಲ್ ಕೊಂಡು ಅದರಿಂದ ಗೂಗಲ್ ತೆಗೆಯುವುದು ವಿಚಿತ್ರ ಎನಿಸಬಹುದು, ಆದರೆ ನಾವು ನೋಡಿದ ಎಲ್ಲದರಲ್ಲಿ ಹೆಚ್ಚು ಹಿಡಿತ ಕೊಡುವುದು ಇದೇ. ಪ್ರತಿ ಆ್ಯಪ್‌ಗೂ ಇಂಟರ್ನೆಟ್ ಕೊಡಬೇಕೋ ಬೇಡವೋ ಎಂಬ ಸ್ವಿಚ್ ಇದೆ. ಕಾಂಟ್ಯಾಕ್ಟ್ ಕೇಳುವ ಆ್ಯಪ್‌ಗೆ ಖಾಲಿ ಪಟ್ಟಿ ಕೊಟ್ಟು ನಂಬಿಸಬಹುದು. ಗೂಗಲ್ ಪ್ಲೇ ಬೇಕಾದರೆ ಹಾಕಿಕೊಳ್ಳಬಹುದು, ಅದು ಬೇರೆ ಆ್ಯಪ್‌ಗಳಂತೆಯೇ ಅನುಮತಿ ಕೇಳಿಕೊಂಡು ಬದುಕುತ್ತದೆ. 18 ಗಂಟೆ ಲಾಕ್ ತೆಗೆಯದಿದ್ದರೆ ಫೋನ್ ತಾನೇ ರೀಬೂಟ್ ಆಗಿ ಎಲ್ಲ ಮಾಹಿತಿಯನ್ನು ಮತ್ತೆ ಬೀಗದೊಳಗೆ ಸೇರಿಸುತ್ತದೆ.

ಹಾಕುವ ಕ್ರಮ: ಎಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರ್ ಏಳು ಸಲ ಒತ್ತಿ, ಡೆವಲಪರ್ ಆಪ್ಷನ್ಸ್‌ನಲ್ಲಿ ಓಇಎಂ ಅನ್‌ಲಾಕಿಂಗ್ ಆನ್ ಮಾಡಿ. ಆ ಸ್ವಿಚ್ ಮಂಕಾಗಿದ್ದರೆ ಮೊದಲು ಇಂಟರ್ನೆಟ್ ಜೋಡಿಸಿ. ಆದರೂ ಮಂಕಾಗಿದ್ದರೆ ಅದು ಅಮೆರಿಕದ ಟೆಲಿಕಾಂ ಕಂಪನಿ ಮಾರಿದ ಫೋನ್ ಇರಬಹುದು, ಏನೂ ಮಾಡಲಾಗದು. ಅಮೆರಿಕದಿಂದ ನೆಂಟರ ಕೈಲಿ ತರಿಸುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು. ಕಂಪ್ಯೂಟರ್‌ನಲ್ಲಿ ಕ್ರೋಮ್ ಅಥವಾ ಎಡ್ಜ್ ತೆರೆದು ಅವರ ವೆಬ್ ಇನ್‌ಸ್ಟಾಲರ್ ಬಳಸಿ, ಇನ್‌ಕಾಗ್ನಿಟೊ ಕಿಟಕಿ ಬೇಡ. ಕಂಪ್ಯೂಟರ್‌ನಲ್ಲಿ 32 ಜಿಬಿ ಜಾಗ ಖಾಲಿ ಇರಬೇಕು. ಅರ್ಧಕ್ಕೆ ನಿಂತರೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ಕೇಬಲ್‌ನದು ಅಥವಾ ನಡುವೆ ಇರುವ ಯುಎಸ್‌ಬಿ ಹಬ್‌ನದು. ಬೂಟ್‌ಲೋಡರ್ (ಫೋನ್ ಆನ್ ಆಗುವಾಗ ಮೊದಲು ನಡೆದು ಆಪರೇಟಿಂಗ್ ಸಿಸ್ಟಮ್ ತೆರೆಯುವ ಸಾಫ್ಟ್‌ವೇರ್) ಅನ್‌ಲಾಕ್ ಮಾಡಿದಾಗ ಒಮ್ಮೆ, ಮತ್ತೆ ಲಾಕ್ ಮಾಡಿದಾಗ ಇನ್ನೊಮ್ಮೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಕೊನೆಯಲ್ಲಿ ಲಾಕ್ ಮಾಡುವುದನ್ನು ಬಿಡಬೇಡಿ, ಬಿಟ್ಟರೆ ಇಷ್ಟು ಮಾಡಿದ್ದು ವ್ಯರ್ಥ.

ತೊಡಕು ಬ್ಯಾಂಕ್ ಆ್ಯಪ್‌ಗಳದು. ಗೂಗಲ್ ಪ್ರಮಾಣ ಮಾಡದ ಸಾಫ್ಟ್‌ವೇರ್ ಎಂದು ಕೆಲವು ತೆರೆಯುವುದೇ ಇಲ್ಲ. ದಿನಕ್ಕೆ ಹತ್ತು ಸಲ ಯುಪಿಐ ಬಳಸುವವರು ಇದೊಂದೇ ಫೋನ್ ನಂಬಿ ಕೂರಬಾರದು.

ಸಾಲದ ಆ್ಯಪ್, ಮದುವೆ ಕರೆಯೋಲೆ, ಕಾನೂನು

ಕರ್ನಾಟಕದಲ್ಲಿ ಖಾಸಗಿತನ ಹೋಗಿ ಜೀವಕ್ಕೇ ಕುತ್ತು ಬಂದದ್ದು ಸಾಲದ ಆ್ಯಪ್‌ಗಳಿಂದ. ಕಾಂಟ್ಯಾಕ್ಟ್ ಮತ್ತು ಫೋಟೊ ಕದ್ದು, ಕಂತು ತಪ್ಪಿದಾಗ ನೆಂಟರಿಷ್ಟರಿಗೆಲ್ಲ ಕರೆ ಮಾಡಿ ಮಾನ ಕಳೆಯುವುದು ಅವರ ದಾರಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಸಾಲದ ಆ್ಯಪ್ ಕಾಂಟ್ಯಾಕ್ಟ್, ಕರೆ ಪಟ್ಟಿ, ಫೈಲ್‌ಗಳನ್ನು ಮುಟ್ಟುವಂತಿಲ್ಲ. ಕೆವೈಸಿಗಾಗಿ ಕ್ಯಾಮೆರಾ, ಮೈಕ್, ಲೊಕೇಶನ್ ಒಂದು ಸಲಕ್ಕೆ, ಒಪ್ಪಿಗೆ ಪಡೆದು ಬಳಸಬಹುದು. ಗೂಗಲ್ ಕೂಡ 2023ರಲ್ಲಿ ಪ್ಲೇ ಸ್ಟೋರ್‌ನ ಸಾಲದ ಆ್ಯಪ್‌ಗಳಿಗೆ ಕಾಂಟ್ಯಾಕ್ಟ್, ಫೋಟೊ ನಿಷೇಧಿಸಿತು. ಆದ್ದರಿಂದ ಸಾಲದ ಆ್ಯಪ್ ಕಾಂಟ್ಯಾಕ್ಟ್ ಕೇಳಿತು ಎಂದರೆ ಅಲ್ಲಿಗೆ ಮುಗಿಯಿತು, ಮುಂದೆ ಹೋಗಬೇಡಿ.

ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಎಂಬ ಹೆಸರಲ್ಲಿ ಬರುವ ಎಪಿಕೆ ಫೈಲ್‌ಗಳು (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕುವ ಫೈಲ್) ಇನ್ನೂ ಕೆಟ್ಟವು. ಇನ್‌ಸ್ಟಾಲ್ ಆದ ಕೂಡಲೇ ಎಸ್‌ಎಂಎಸ್ ಅಥವಾ ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳುತ್ತವೆ, ಕೊಟ್ಟರೆ ಒಟಿಪಿಗಳೆಲ್ಲ ಕಳ್ಳರ ಕೈಗೆ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಎಪಿಕೆ ಆಗಿ ಎಂದೂ ಬರುವುದಿಲ್ಲ. ಮನೆಯ ಹಿರಿಯರ ಫೋನಿನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಪುಟ ತೆರೆದು ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ಸ್ ಮೂರಕ್ಕೂ ಅನುಮತಿ ಇಲ್ಲ ಎಂದು ಮಾಡಿಕೊಡಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡ ಇದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಕಂಪನಿಗಳ ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ. ಅಲ್ಲಿವರೆಗೆ ಕಾಯುವುದು ಬೇಡ.

ಕೊಳ್ಳುವವರಿಗೆ

ಬಜೆಟ್ ಇದ್ದರೆ, ತಲೆನೋವು ಬೇಡವೆಂದರೆ, ಐಫೋನ್ ತೆಗೆದುಕೊಂಡು ಮೇಲೆ ಹೇಳಿದ ಮೂರು ಸ್ವಿಚ್ (ಟ್ರ್ಯಾಕಿಂಗ್, ಆ್ಯಪಲ್ ಅಡ್ವರ್ಟೈಸಿಂಗ್, ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್) ಬದಲಿಸಿ. ಪತ್ರಕರ್ತರು, ವಕೀಲರು, ಸೂಕ್ಷ್ಮ ಕೆಲಸ ಮಾಡುವವರು ಪಿಕ್ಸೆಲ್‌ಗೆ ಗ್ರಾಫೀನ್ ಹಾಕಿ, ಯುಪಿಐಗೆ ಬೇರೆ ಅಗ್ಗದ ಫೋನ್ ಇಟ್ಟುಕೊಳ್ಳಲಿ. ಹದಿನೈದು ಸಾವಿರದ ಮಿತಿಯಲ್ಲಿರುವವರು ಬ್ರ್ಯಾಂಡ್ ಹೆಸರಿಗಿಂತ ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತಾರೆ ಎಂದು ಕೇಳಲಿ. ಪಿಕ್ಸೆಲ್ 8ರಿಂದ ಈಚಿನವಕ್ಕೆ 7 ವರ್ಷ ಇದೆ, ಅಗ್ಗದ ಫೋನ್‌ಗಳಲ್ಲಿ ಅದರ ಅರ್ಧವೂ ಸಿಗದಿರಬಹುದು. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಫೋನಿನಲ್ಲೇ ಎಬೌಟ್ ಫೋನ್, ಆಂಡ್ರಾಯ್ಡ್ ವರ್ಶನ್ ಒತ್ತಿ ಸೆಕ್ಯುರಿಟಿ ಅಪ್‌ಡೇಟ್‌ನ ದಿನಾಂಕ ನೋಡಿ. ಆರು ತಿಂಗಳಿಗಿಂತ ಹಳೆಯದಿದ್ದು, ವೈಫೈ ಹಾಕಿ ಹುಡುಕಿದರೂ ಹೊಸದು ಸಿಗದಿದ್ದರೆ ಆ ಮಾದರಿ ಬಿಡಿ.

ರಿಪೇರಿಗೆ ಕೊಡುವಾಗ ಪಿನ್ ಹೇಳುವ ಮುಂಚೆ ಸ್ಯಾಮ್‌ಸಂಗ್‌ನಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್ ಆನ್ ಮಾಡಿ. ಫೋಟೊ, ಸಂದೇಶ ಯಾವುದೂ ಕಾಣದ ಖಾಲಿ ಫೋನಿನಂತೆ ಅದು ತೆರೆಯುತ್ತದೆ, ತಂತ್ರಜ್ಞರಿಗೆ ಪರದೆ, ಮೈಕ್, ಕ್ಯಾಮೆರಾ ಪರೀಕ್ಷಿಸಲು ಅಷ್ಟು ಸಾಕು. ವಾಪಸ್ ಬಂದ ಮೇಲೆ ನಿಮ್ಮ ಪಿನ್ ಅಥವಾ ಬೆರಳಿನಿಂದ ಆ ಮೋಡ್‌ನಿಂದ ಹೊರಬನ್ನಿ. ಪರದೆ ಪೂರ್ತಿ ಒಡೆದು ಸ್ಪರ್ಶವೇ ಕೆಲಸ ಮಾಡದಿದ್ದರೆ ಈ ಮೋಡ್ ಹಾಕಲಾಗುವುದಿಲ್ಲ. ಆಗ ಪಿನ್ ಕೊಡದೆ, ಪರದೆ ಬದಲಿಸುವವರೆಗೆ ಕೌಂಟರ್ ಮುಂದೆಯೇ ಕೂತಿದ್ದು, ಹಾಕಿದ ಮೇಲೆ ನೀವೇ ಲಾಕ್ ತೆಗೆದು ಪರೀಕ್ಷಿಸಿ.